ಕರೆದು ಕೂರಿಸಿದ ಮೇಲೆ

ಕಳೆದ ಸಂಚಿಕೆಯಲ್ಲಿ ಮನೆಗೆ ಬಂದವರ ಸತ್ಕಾರವನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಅದನ್ನೋದಿದ ಹಿರಿಯರೊಬ್ಬರು ಪತ್ರ ಬರೆದು, ‘ನೀವು ಬರೆದದ್ದೆಲ್ಲ ಊಟೋಪಚಾರದ ಮಾತಾಯಿತು; ಬಂದವರೊಡನೆ ಮಾತನಾಡುವುದು ಸತ್ಕಾರದಲ್ಲಿ ಸೇರುವುದಿಲ್ಲವೇ?’ ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದು. ಉತ್ತರ ಬರೆಯಹೊರಟಾಗ ನನಗೆ ನೆನಪಾದ ಸಂಗತಿ ಮಾತ್ರ ಹೆಮ್ಮೆಪಡುವಂಥದಲ್ಲ.

ಕೆಲವು ವರ್ಷಗಳ ಹಿಂದೆ ಹಾವೇರಿ ಸೀಮೆಯ ಹಳ್ಳಿಯಿಂದ ನನ್ನ ಸೋದರಮಾವ ಒಂದು ಸಂಜೆ ನಮ್ಮ ಮನೆಗೆ ಬಂದರು. ಕಾಲಿಗೆ ನೀರು ಕೊಟ್ಟೆವು, ಪೂಜೆಗೆ ಅಣಿಮಾಡಿಕೊಟ್ಟೆವು, ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೊಸರು ಬಡಿಸಿದೆವು. ಉಪಚಾರದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಪ್ರಸಾದವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು. ಟಿ.ವಿ.ಯಲ್ಲಿ ಹೆಸರಾಂತ ನಟರೊಬ್ಬರ ಸಂದರ್ಶನ ನಡೆದಿತ್ತು. ಮಾವ ಎರಡು ಸಲ, ‘ತಮ್ಮಾ, ನಿನ್ನ ಹತ್ತಿರ ಒಂದು ಮಾತಿತ್ತು’ ಎಂದರು. ನಾನು ಎರಡು ಸಲವೂ, ‘ಇನ್ನು ಐದು ನಿಮಿಷ ಮಾವ, ಇದೊಂದು ಮುಗಿಯಲಿ’ ಎಂದೆ. ಅದು ಮುಗಿಯುವ ಹೊತ್ತಿಗೆ ಅವರು ಗೋಡೆಗೆ ಒರಗಿ ನಿದ್ದೆಹೋಗಿದ್ದರು. ಮರುದಿನ ನಾನು ಏಳುವ ಮೊದಲೇ ಮೊದಲ ಬಸ್ಸಿಗೆ ಹೊರಟುಹೋಗಿದ್ದರು.

ಪರದೆಯ ಮೇಲಿನ ಆತಿಥೇಯ ತನ್ನ ಅತಿಥಿಯ ಮಾತನ್ನು ತಲೆದೂಗುತ್ತ ಕೇಳುತ್ತಿದ್ದ. ಅದನ್ನು ನೋಡುವ ಭರದಲ್ಲಿ ನಾನು ನನ್ನ ಅತಿಥಿಯ ಮಾತನ್ನು ಕೇಳಲಿಲ್ಲ. ಮಾವನ ಮಾತೇನಿತ್ತೆಂಬುದಕ್ಕೆ ಆಮೇಲೆ ಬರುತ್ತೇನೆ.

ರಾತ್ರಿಯ ಹೊತ್ತಿನಲ್ಲಿ ನಾಲ್ಕು ಜನರನ್ನು ಕರೆದು ಕೂರಿಸಿ, ಮಾತನಾಡಿಸಿ, ಅದನ್ನು ನಾಡಿಗೆಲ್ಲ ತೋರಿಸುವ ಪದ್ಧತಿ ನೆಲೆಗೊಂಡದ್ದು ಅಮೆರಿಕದಲ್ಲಿ. ೧೯೫೪ರ ಸೆಪ್ಟೆಂಬರಿನಲ್ಲಿ ಎನ್.ಬಿ.ಸಿ. ಸಂಸ್ಥೆ ‘ಟುನೈಟ್’ ಎಂಬ ಕಾರ್ಯಕ್ರಮವನ್ನು ದೇಶವ್ಯಾಪಿಯಾಗಿ ಪ್ರಸಾರ ಮಾಡತೊಡಗಿತು. ಮೊದಲ ನಿರೂಪಕ ಸ್ಟೀವ್ ಅಲೆನ್. ೧೯೫೭ರಿಂದ ೧೯೬೨ರವರೆಗೆ ಜ್ಯಾಕ್ ಪಾರ್. ೧೯೬೨ರ ಅಕ್ಟೋಬರ್ ೧ರಿಂದ ೧೯೯೨ರ ಮೇ ೨೨ರವರೆಗೆ, ಹೆಚ್ಚುಕಡಿಮೆ ಮೂವತ್ತು ವರ್ಷ, ಜಾನಿ ಕಾರ್ಸನ್. ಒಂದು ಮೇಜು, ಅದರ ಹಿಂದೆ ಆತಿಥೇಯ. ಪಕ್ಕದಲ್ಲಿ ಒಂದು ಕುರ್ಚಿ, ಅದರಾಚೆ ಸೋಫಾ. ಹೊಸ ಅತಿಥಿ ಬಂದೊಡನೆ ಮೊದಲು ಬಂದವರು ಎದ್ದು ಆಚೆಗೆ ಸರಿದು ಕೂರಬೇಕು. ನಮ್ಮ ಹಳ್ಳಿಯ ಮನೆಗಳ ಕಟ್ಟೆಯ ಮೇಲೆ ಹಿರಿಯರು ಬಂದಾಗ ಕಿರಿಯರು ಸರಿದು ಜಾಗ ಮಾಡುವುದುಂಟಷ್ಟೆ. ಅಲ್ಲಿ ಸರಿಯುವುದು ವಯಸ್ಸನ್ನು ನೋಡಿ ಅಲ್ಲ, ಬಂದ ಸರದಿಯನ್ನು ನೋಡಿ.

ಬರುವವರಲ್ಲಿ ಬಹುಪಾಲು ಜನ ಏನನ್ನಾದರೂ ಮಾರಲು ಬಂದವರೇ. ನಟನಿಗೆ ಹೊಸ ಚಿತ್ರವಿರುತ್ತದೆ, ಲೇಖಕನಿಗೆ ಹೊಸ ಪುಸ್ತಕ, ಗಾಯಕನಿಗೆ ಹೊಸ ಧ್ವನಿಮುದ್ರಿಕೆ. ಅತಿಥಿ ವೇದಿಕೆಗೆ ಬರುವ ಮುನ್ನವೇ ಸಿಬ್ಬಂದಿಯವರು ಅವರೊಡನೆ ಮಾತನಾಡಿ, ಯಾವ ಪ್ರಶ್ನೆ ಕೇಳಿದರೆ ಯಾವ ಕಥೆ ಹೊರಬರುತ್ತದೆ ಎಂಬುದನ್ನು ಟಿಪ್ಪಣಿ ಮಾಡಿ ನಿರೂಪಕನ ಕೈಗೆ ಕೊಟ್ಟಿರುತ್ತಾರೆ. ಸಹಜವೆಂದು ನಾವು ಮೆಚ್ಚುವ ನಗೆಯಲ್ಲಿ ಅರ್ಧ ಮೊದಲೇ ಒಪ್ಪವಾಗಿಟ್ಟದ್ದು. ಇದು ತಿಳಿದ ಮೇಲೆ, ಎಲ್ಲವೂ ಬರಿಯ ಸಂತೆಯ ವ್ಯಾಪಾರವೆಂದು ಬದಿಗೆ ತಳ್ಳಿಬಿಡಬೇಕೆನಿಸುತ್ತದೆ. ನಾನೂ ತಳ್ಳಿದ್ದೆ. ಡಿಕ್ ಕ್ಯಾವೆಟ್ ಎಂಬುವರ ಹಳೆಯ ಸಂದರ್ಶನಗಳನ್ನು ಅಂತರಜಾಲದಲ್ಲಿ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಕ್ಯಾವೆಟ್ ೧೯೩೬ರಲ್ಲಿ ನೆಬ್ರಾಸ್ಕಾ ಪ್ರಾಂತ್ಯದಲ್ಲಿ ಹುಟ್ಟಿದವರು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ‘ಟೈಮ್’ ಪತ್ರಿಕೆಯ ಕಚೇರಿಯಲ್ಲಿ ಕಾಗದಪತ್ರ ಒಯ್ಯುವ ಸಣ್ಣ ಕೆಲಸದಲ್ಲಿದ್ದರು. ಒಂದು ದಿನ ತಾವೇ ಬರೆದ ನಗೆಮಾತುಗಳನ್ನು ಆ ಪತ್ರಿಕೆಯ ಲಕೋಟೆಯಲ್ಲಿ ಹಾಕಿಕೊಂಡು ಹೋಗಿ ಜ್ಯಾಕ್ ಪಾರ್ ಅವರ ಕೈಗಿತ್ತರು. ಪತ್ರಿಕೆಯ ಹೆಸರು ಕಂಡು ಪಾರ್ ಅದನ್ನು ತೆಗೆದುಕೊಂಡರು. ಕ್ಯಾವೆಟ್ಟರಿಗೆ ಬರೆಯುವ ಕೆಲಸ ದೊರೆಯಿತು. ಮುಂದೆ ೧೯೬೯ರ ಡಿಸೆಂಬರ್ ಕೊನೆಯಲ್ಲಿ ಎ.ಬಿ.ಸಿ. ಸಂಸ್ಥೆಯ ರಾತ್ರಿಯ ಕಾರ್ಯಕ್ರಮ ಅವರ ಪಾಲಿಗೆ ಬಂತು. ಅವರು ನಿರೂಪಣೆಯ ದಾರಿ ಹಿಡಿದಾಗ ಹಳೆಯ ಯಜಮಾನ ಪಾರ್ ಒಂದು ಬುದ್ಧಿಮಾತು ಹೇಳಿದ್ದರಂತೆ: ಸಂದರ್ಶನ ಮಾಡಲು ಹೋಗಬೇಡ, ಪ್ರಶ್ನೆಗಳ ಪಟ್ಟಿ ಹಿಡಿದು ಕೂರಬೇಡ, ಬಂದವರೊಡನೆ ಮಾತನಾಡು. ಕ್ಯಾವೆಟ್ ಇದನ್ನು ಹಲವು ಕಡೆ ನೆನೆದಿದ್ದಾರೆ. ಕೇಳಲು ಸರಳ. ಮಾಡಲು ಎಷ್ಟು ಕಷ್ಟವೆಂಬುದು, ಮುಂದಿನ ಪ್ರಶ್ನೆ ಯಾವುದೆಂದು ಯೋಚಿಸುತ್ತ ಎದುರಿನವರ ಉತ್ತರವನ್ನೇ ಕೇಳಿಸಿಕೊಳ್ಳದ ನಮ್ಮೆಲ್ಲರಿಗೂ ಗೊತ್ತು.

ಈ ಮಾತು ಕೈಗೂಡಿದ ಒಂದು ಸಂದರ್ಭ ೧೯೭೩ರದು. ಟಿ.ವಿ. ಸಂದರ್ಶನಗಳಿಂದ ದೂರವೇ ಉಳಿದಿದ್ದ ಹಿರಿಯ ನಟಿ ಕ್ಯಾಥರೀನ್ ಹೆಪ್‌ಬರ್ನ್, ಕೊಠಡಿ ಹೇಗಿದೆಯೆಂದು ನೋಡಿಹೋಗಲು ಬಂದರು. ನೆಲಹಾಸು ಸರಿಯಿಲ್ಲ, ಮೇಜು ಸರಿಯಿಲ್ಲ ಎಂದು ಒಂದೊಂದಾಗಿ ಆಕ್ಷೇಪಿಸುತ್ತ, ಕೊನೆಗೆ ಈಗಲೇ ಮಾತನಾಡಿಬಿಡೋಣ ಎಂದು ಕುಳಿತರು. ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಆ ಮಾತುಕತೆ ಎರಡು ರಾತ್ರಿ ಪ್ರಸಾರವಾಗುವಷ್ಟು ಬೆಳೆಯಿತು. ಕ್ಯಾವೆಟ್ ಮಾಡಿದ ದೊಡ್ಡ ಕೆಲಸವೆಂದರೆ ಅವರು ಬಂದ ಗಳಿಗೆಯಲ್ಲೇ ಸಿದ್ಧರಿದ್ದದ್ದು. ‘ಐದು ನಿಮಿಷ ತಾಳಿ’ ಎಂದಿದ್ದರೆ ಆಕೆ ಹೊರಟುಹೋಗುತ್ತಿದ್ದರೋ ಏನೋ.

ಆದರೆ ಬಂದವರೆಲ್ಲ ಪ್ರಿಯರೇ ಆಗಿರುವುದಿಲ್ಲ. ೧೯೭೦ರ ಡಿಸೆಂಬರ್ ೧೮ರ ರಾತ್ರಿ ಕ್ಯಾವೆಟ್ಟರ ಅತಿಥಿಗಳಲ್ಲಿ ಜಾರ್ಜಿಯಾ ಪ್ರಾಂತ್ಯದ ಗವರ್ನರ್ ಲೆಸ್ಟರ್ ಮ್ಯಾಡಕ್ಸ್ ಇದ್ದರು. ಇವರ ಹಿನ್ನೆಲೆಯನ್ನು ಹೇಳಬೇಕು. ಅಟ್ಲಾಂಟಾ ನಗರದಲ್ಲಿ ಇವರದೊಂದು ಊಟದ ಹೋಟೆಲು ಇತ್ತು. ೧೯೬೪ರ ಜುಲೈ ೨ರಂದು ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದು, ವರ್ಣಭೇದವಿಲ್ಲದೆ ಎಲ್ಲರಿಗೂ ಊಟ ಬಡಿಸಬೇಕೆಂಬ ನಿಯಮವಾಯಿತು. ಮರುದಿನವೇ ಊಟಕ್ಕೆಂದು ಬಂದ ಮೂವರು ಕಪ್ಪು ಯುವಕರನ್ನು ಮ್ಯಾಡಕ್ಸ್ ಪಿಸ್ತೂಲು ಹಿಡಿದು ಬಾಗಿಲಿನಿಂದ ಅಟ್ಟಿದರು. ಜೊತೆಗಿದ್ದವರ ಕೈಯಲ್ಲಿ ಗುದ್ದಲಿಯ ಕಾವುಗಳಿದ್ದವು. ನ್ಯಾಯಾಲಯ ಇವರ ವಿರುದ್ಧ ತೀರ್ಪಿತ್ತಾಗ ಕಪ್ಪು ಜನರಿಗೆ ಬಡಿಸುವುದಕ್ಕಿಂತ ಹೋಟೆಲನ್ನು ಮುಚ್ಚುವುದೇ ಮೇಲೆಂದು ಮುಚ್ಚಿದರು. ಅದೇ ಹೆಸರಿನಿಂದ ಮತಗಳನ್ನು ಗಳಿಸಿ ೧೯೬೭ರಲ್ಲಿ ಗವರ್ನರ್ ಆದರು.

ಅಂತಹ ವ್ಯಕ್ತಿಯ ಪಕ್ಕದಲ್ಲಿ ಆ ರಾತ್ರಿ ಕುಳಿತಿದ್ದವರು ಜಿಮ್ ಬ್ರೌನ್, ಹೆಸರಾಂತ ಕಪ್ಪು ಕ್ರೀಡಾಪಟು; ಅವರಲ್ಲದೆ ಲೇಖಕ ಟ್ರೂಮನ್ ಕಪೋಟೆ. ಅನ್ನವಿಕ್ಕಲು ಒಲ್ಲೆನೆಂದವನೂ, ಆತ ಯಾರಿಗೆ ಒಲ್ಲೆನೆಂದನೋ ಆ ಜನಾಂಗದವನೂ ಒಬ್ಬನೇ ಆತಿಥೇಯನ ಸಾಲಿನಲ್ಲಿ ಕುಳಿತದ್ದನ್ನು ಆ ಚಿತ್ರದಲ್ಲಿ ಕಾಣಬಹುದು. ಮ್ಯಾಡಕ್ಸ್ ಅಧಿಕಾರಕ್ಕೆ ಬಂದ ಮೇಲೆ ಕೆಲವು ಹುದ್ದೆಗಳನ್ನು ಕಪ್ಪು ಜನರಿಗೆ ಕೊಟ್ಟಿದ್ದರೆಂಬುದೂ ನಿಜ. ಬ್ರೌನ್ ಬಹಳ ಶಾಂತವಾಗಿ, ಆ ಕೆಲಸಗಳಿಗಾಗಿ ನಿಮ್ಮ ಕಡೆಯ ಬಿಳಿಯ ವರ್ಣದ್ವೇಷಿಗಳಿಂದ ತೊಂದರೆಯಾಯಿತೇ ಎಂಬರ್ಥದ ಪ್ರಶ್ನೆ ಕೇಳಿದರು. ಮಾತು ಬೆಳೆಯಿತು. ತನಗೆ ಮತ ಕೊಟ್ಟವರನ್ನು ದ್ವೇಷಿಗಳೆಂದು ಕರೆದಂತಾಯಿತು, ಕ್ಯಾವೆಟ್ ಕ್ಷಮೆ ಕೇಳಬೇಕು, ಇಲ್ಲವಾದರೆ ಎದ್ದುಹೋಗುತ್ತೇನೆ ಎಂದು ಮ್ಯಾಡಕ್ಸ್ ಹಟಹಿಡಿದರು. ಕ್ಯಾವೆಟ್ ಕ್ಷಮೆ ಕೇಳಿದರು, ಆದರೆ ತೂಕ ಮಾಡಿ ಕೇಳಿದರು: ನಿಮ್ಮ ಬೆಂಬಲಿಗರಲ್ಲಿ ಯಾರು ದ್ವೇಷಿಗಳಲ್ಲವೋ ಅವರನ್ನು ಹಾಗೆ ಕರೆದಿದ್ದರೆ, ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದು. ಮ್ಯಾಡಕ್ಸ್ ಎದ್ದು ಹೊರಟೇಹೋದರು.

ಇದು ಆತಿಥ್ಯದ ಲೋಪವೇ? ಬಹಳ ಹೊತ್ತು ಯೋಚಿಸಿದೆ. ಕರೆದವನು ಬಂದವನನ್ನು ನೋಯಿಸಬಾರದೆಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ಆದರೆ ಪಕ್ಕದಲ್ಲಿದ್ದ ಬ್ರೌನ್ ಕೂಡ ಅತಿಥಿಯೇ ಅಲ್ಲವೇ? ಒಬ್ಬ ಅತಿಥಿಯ ಸಂತೋಷಕ್ಕಾಗಿ ಇನ್ನೊಬ್ಬ ಅತಿಥಿಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಆತಿಥೇಯನಿಗಿಲ್ಲ. ಕ್ಯಾವೆಟ್ ಮಾಡಿದ್ದು ಸರಿ ಎಂದೇ ನನ್ನ ಮತ. ಹನ್ನೆರಡನೆಯ ಶತಮಾನದಲ್ಲಿ ಸಹಪಂಕ್ತಿಯ ಭೋಜನಕ್ಕಾಗಿ ಊರನ್ನೇ ಎದುರುಹಾಕಿಕೊಂಡವರ ಮಕ್ಕಳು ನಾವು. ಆ ಹೋಟೆಲಿನ ಕಥೆ ನಮಗೆ ಸುಲಭವಾಗಿ ಅರ್ಥವಾಗಬೇಕು. ಅರ್ಥವಾಗುತ್ತದೆ, ಮುಜುಗರವೂ ಆಗುತ್ತದೆ. ನಮ್ಮೂರಿನ ಚಹದಂಗಡಿಯ ಹೊರಗೋಡೆಯ ಗೂಡಿನಲ್ಲಿ ಕೆಲವರಿಗೆಂದೇ ಬೇರೆ ಇಟ್ಟಿದ್ದ ಬಟ್ಟಲುಗಳನ್ನು ನಾನು ಬಾಲ್ಯದಲ್ಲಿ ದಿನವೂ ಕಂಡಿದ್ದೇನೆ. ಅಂಗಡಿಯವರ ಹಣೆಯ ಮೇಲೆ ವಿಭೂತಿಯಿತ್ತು. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳುವುದರಲ್ಲಿಯೂ ಒಂದು ಸೌಜನ್ಯವಿದೆ ಎಂಬುದಕ್ಕೆ ಜಾನಿ ಕಾರ್ಸನ್ನರ ಒಂದು ರಾತ್ರಿಯನ್ನು ಹೇಳಬಹುದು. ೧೯೭೩ರ ಆಗಸ್ಟ್ ೧ರಂದು ಇಸ್ರೇಲಿನ ಯೂರಿ ಗೆಲ್ಲರ್ ಅತಿಥಿಯಾಗಿ ಬಂದರು. ಮನಶ್ಶಕ್ತಿಯಿಂದಲೇ ಚಮಚ ಬಾಗಿಸುತ್ತೇನೆ, ಮುಚ್ಚಿದ ಡಬ್ಬಿಯಲ್ಲಿರುವುದನ್ನು ಹೇಳುತ್ತೇನೆ ಎಂದು ಹೆಸರು ಮಾಡಿದವರು. ಕಾರ್ಸನ್ ಬಾಲ್ಯದಲ್ಲಿ ಜಾದೂ ಕಲಿತವರು. ಕೈಚಳಕ ಎಲ್ಲಿ ನಡೆಯುತ್ತದೆಂಬುದು ಅವರಿಗೆ ತಿಳಿದಿತ್ತು. ಜಾದೂಗಾರ ಜೇಮ್ಸ್ ರ‍್ಯಾಂಡಿಯವರ ಸಲಹೆ ಪಡೆದು, ಚಮಚ, ಡಬ್ಬಿ ಮೊದಲಾದವನ್ನು ಕಾರ್ಯಕ್ರಮದವರೇ ತಂದಿಟ್ಟು, ಗೆಲ್ಲರ್ ಕಡೆಯವರು ಮೊದಲೇ ಮುಟ್ಟದಂತೆ ನೋಡಿಕೊಂಡರು. ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಏನೂ ಆಗಲಿಲ್ಲ. ಇಂದು ಶಕ್ತಿ ಬರುತ್ತಿಲ್ಲ ಎಂದರು ಗೆಲ್ಲರ್. ಕಾರ್ಸನ್ ಗೇಲಿ ಮಾಡಲಿಲ್ಲ, ಗದರಿಸಲಿಲ್ಲ; ಬೇಕಾದಷ್ಟು ಸಮಯ ತೆಗೆದುಕೊಳ್ಳಿ ಎನ್ನುವಂತೆ ಸುಮ್ಮನೆ ಕಾದರು. ಆ ಮೌನವೇ ಪರೀಕ್ಷೆಯಾಯಿತು. ತಮಾಷೆಯೆಂದರೆ, ಇದರಿಂದ ಗೆಲ್ಲರ್ ಹೆಸರೇನೂ ಕೆಡಲಿಲ್ಲ. ಬರಿಯ ಜಾದೂ ಆಗಿದ್ದರೆ ಸೋಲುತ್ತಿರಲಿಲ್ಲ, ಸೋತದ್ದರಿಂದಲೇ ಇದು ನಿಜವಾದ ಶಕ್ತಿ ಎಂದು ವಾದಿಸಿದವರೂ ಇದ್ದರು! ನಂಬಬೇಕೆಂದು ನಿಶ್ಚಯಿಸಿದವರಿಗೆ ಯಾವ ಪುರಾವೆಯೂ ಅಡ್ಡಿಯಾಗುವುದಿಲ್ಲ.

ಆದರದಿಂದ ಕರೆದು ಕೂರಿಸುವುದು, ಕೂರಿಸಿದ ಮೇಲೆ ಕಠಿಣವಾಗಿ ಕೇಳುವುದು, ಇವೆರಡೂ ವಿರೋಧವೆಂದು ತಿಳಿಯುವವರು ನಮ್ಮ ಶೂನ್ಯಸಂಪಾದನೆಯನ್ನೊಮ್ಮೆ ತೆರೆಯಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಈ ಗ್ರಂಥವೆಲ್ಲ ಮಾತುಕತೆಯ ರೂಪದಲ್ಲಿದೆ; ಒಬ್ಬೊಬ್ಬ ಶರಣರ ವಚನವೂ ಇನ್ನೊಬ್ಬರ ಮಾತಿಗೆ ಉತ್ತರವಾಗಿ ಬರುವಂತೆ ಜೋಡಿಸಿದ್ದಾರೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಉಪಚಾರದ ಮಾತುಗಳಿಂದ ಎದುರುಗೊಳ್ಳಲಿಲ್ಲ. ನಿನ್ನ ಪತಿ ಯಾರು, ಎಲ್ಲವನ್ನೂ ಬಿಟ್ಟವಳು ಕೂದಲಿನಿಂದ ಮೈಯನ್ನೇಕೆ ಮುಚ್ಚಿಕೊಂಡೆ ಎಂದು ನೇರವಾಗಿ ಕೇಳಿದರು. ತುಂಬಿದ ಸಭೆಯಲ್ಲಿ ಹರೆಯದ ಹೆಣ್ಣುಮಗಳಿಗೆ ಇಂಥ ಪ್ರಶ್ನೆ! ಓದುವಾಗ ಮೊದಲು ನನಗೆ ಸಂಕಟವೇ ಆಗಿತ್ತು. ಆದರೆ ಪ್ರಭುಗಳು ಕೇಳಿ ಮುಖ ತಿರುಗಿಸಲಿಲ್ಲ. ಅವಳ ಉತ್ತರ ಪೂರ್ತಿಯಾಗುವವರೆಗೆ ಕಾದರು, ಮತ್ತೆ ಕೇಳಿದರು, ಮತ್ತೆ ಕಾದರು, ಕೊನೆಗೆ ತಲೆಬಾಗಿದರು. ಅಣ್ಣನನ್ನು ಕಳೆದುಕೊಂಡು ಶೋಕದಲ್ಲಿದ್ದ ಮುಕ್ತಾಯಕ್ಕನ ವಾದವನ್ನೂ ಅದೇ ತಾಳ್ಮೆಯಿಂದ ಕೇಳಿದವರು ಅವರು. ಅಮೆರಿಕದ ಮೇಜು-ಸೋಫಾಗಳನ್ನು ಆ ಸಭೆಗೆ ಹೋಲಿಸುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ಅಲ್ಲಿ ಮಾರುವ ಸರಕಿದೆ, ಇಲ್ಲಿರಲಿಲ್ಲ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ.

ಕ್ಯಾವೆಟ್ಟರ ಇನ್ನೊಂದು ರಾತ್ರಿಯ ಕಥೆ ಪ್ರಸಾರವೇ ಆಗಲಿಲ್ಲ. ೧೯೭೧ರ ಜೂನ್ ತಿಂಗಳಲ್ಲಿ ಜೆ. ಐ. ರೊಡೇಲ್ ಎಂಬ ೭೨ ವರ್ಷದ ಹಿರಿಯರನ್ನು ಕರೆದಿದ್ದರು. ರಾಸಾಯನಿಕ ಗೊಬ್ಬರವಿಲ್ಲದ ಸಾವಯವ ಕೃಷಿಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು, ೧೯೪೨ರಿಂದ ಅದಕ್ಕಾಗಿಯೇ ಒಂದು ಪತ್ರಿಕೆ ನಡೆಸಿದವರು. ನೂರು ವರ್ಷ ಬದುಕುತ್ತೇನೆಂದು ಹೇಳಿಕೊಳ್ಳುತ್ತಿದ್ದರು. ಅವರ ಮಾತು ಸೊಗಸಾಗಿ ಮುಗಿಯಿತು. ಪದ್ಧತಿಯಂತೆ ಪಕ್ಕದ ಆಸನಕ್ಕೆ ಸರಿದು ಕುಳಿತರು. ಮುಂದಿನ ಅತಿಥಿ, ಪತ್ರಕರ್ತ ಪೀಟ್ ಹ್ಯಾಮಿಲ್, ಮಾತನಾಡುತ್ತಿದ್ದಾಗ ಗೊರಕೆಯಂತಹ ಸದ್ದೊಂದು ಕೇಳಿಬಂತು. ಮುದುಕರು ನಿದ್ದೆಹೋದರೆಂದೇ ಪ್ರೇಕ್ಷಕರಲ್ಲಿ ಕೆಲವರು ನಕ್ಕರು. ನಿದ್ದೆಯಾಗಿರಲಿಲ್ಲ. ಸಭೆಯಲ್ಲಿದ್ದ ವೈದ್ಯರು ವೇದಿಕೆಗೆ ಓಡಿ ಬಂದರು, ಫಲಿಸಲಿಲ್ಲ.

ಆ ಮುದ್ರಿಕೆಯನ್ನು ಪ್ರಸಾರ ಮಾಡಲಿಲ್ಲ. ಆ ರಾತ್ರಿ ಹಳೆಯ ಕಾರ್ಯಕ್ರಮವೊಂದನ್ನೇ ತೋರಿಸಿದರು. ಆದರೂ ‘ನಾವು ಅದನ್ನು ಟಿ.ವಿ.ಯಲ್ಲಿ ನೋಡಿದೆವು’ ಎಂದು ಆಣೆಯಿಟ್ಟು ಹೇಳುವವರು ತಮಗೆ ಮತ್ತೆ ಮತ್ತೆ ಸಿಗುತ್ತಾರೆಂದು ಕ್ಯಾವೆಟ್ ಬರೆದಿದ್ದಾರೆ. ಮರುದಿನಗಳಲ್ಲಿ ಅವರೇ ಆ ಘಟನೆಯನ್ನು ಎಷ್ಟು ವಿವರವಾಗಿ ಬಣ್ಣಿಸಿದ್ದರೆಂದರೆ, ಕೇಳಿದವರಿಗೆ ಕಂಡಂತೆಯೇ ಆಗಿಬಿಟ್ಟಿತ್ತು. ಶವಯಾತ್ರೆಯನ್ನೂ ಅಳುವ ತಾಯಿಯ ಮುಖವನ್ನೂ ಕೈಯಲ್ಲಿನ ಫೋನಿನಿಂದಲೇ ಊರಿಗೆಲ್ಲ ಹಂಚುವ ನಮ್ಮ ಕಾಲದಲ್ಲಿ, ಮನೆಗೆ ಕರೆದವನ ಕೊನೆಯುಸಿರನ್ನು ಮುಚ್ಚಿಟ್ಟ ಆ ನಿರ್ಧಾರ ನನಗೆ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದರೂ ಈ ಕಾರ್ಯಕ್ರಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಅತಿಥಿ ನಟಿಯೂ ಅಲ್ಲ, ಗವರ್ನರೂ ಅಲ್ಲ. ೧೯೮೭ರಲ್ಲಿ ಕಾರ್ಸನ್ ಕರೆಸಿದ್ದ, ಇಂಡಿಯಾನಾ ಪ್ರಾಂತ್ಯದ ಫೋರ್ಟ್ ವೇನ್ ಊರಿನ ಒಬ್ಬ ಅಜ್ಜಿ. ಆಲೂಗಡ್ಡೆ ಚಿಪ್ಸ್ ಮಾಡುವ ಕಾರ್ಖಾನೆಯಲ್ಲಿ ಅವುಗಳನ್ನು ಪರೀಕ್ಷಿಸುವುದು ಆಕೆಯ ಕಾಯಕ. ಕಣ್ಣ ಮುಂದೆ ಹರಿದುಹೋಗುವ ಚಿಪ್ಸ್ ರಾಶಿಯಲ್ಲಿ ಪ್ರಾಣಿಯಂತೆಯೋ ಮನುಷ್ಯನ ಮುಖದಂತೆಯೋ ಕಂಡದ್ದನ್ನು ಆರಿಸಿ ಜೋಪಾನವಾಗಿ ಕೂಡಿಟ್ಟಿದ್ದರು. ಅವನ್ನೇ ತಂದು ಮೇಜಿನ ಮೇಲೆ ಒಂದೊಂದಾಗಿ ತೋರಿಸುತ್ತಿದ್ದಾಗ, ಆಕೆ ಅತ್ತ ತಿರುಗಿದ ಕ್ಷಣದಲ್ಲಿ ಕಾರ್ಸನ್ ಒಂದು ಚಿಪ್ಸನ್ನು ಕರುಂ ಎಂದು ಕಡಿದರು. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಕಾರ್ಸನ್ ತಕ್ಷಣ ಮೇಜಿನ ಮರೆಯಲ್ಲಿದ್ದ ಬೇರೊಂದು ಬಟ್ಟಲನ್ನು ಎತ್ತಿ ತೋರಿಸಿದರು, ತಿಂದದ್ದು ಅದರಲ್ಲಿನದು! ಆಕೆಯ ಮುಖದ ಮೇಲೆ ಮೂಡಿದ ನಿರಾಳವನ್ನು ಒಮ್ಮೆ ನೋಡಬೇಕು. ಆ ಅಜ್ಜಿಯ ಬಳಿ ಮಾರಲು ಪುಸ್ತಕವಿರಲಿಲ್ಲ, ಚಿತ್ರವಿರಲಿಲ್ಲ. ತಮ್ಮ ಕಾಯಕದಲ್ಲಿ ಕಂಡದ್ದನ್ನು ಹೇಳಬೇಕಿತ್ತು, ಅಷ್ಟೆ. ಆತ ಕಿವಿಗೊಟ್ಟು ಕೇಳಿದರು.

ನನ್ನ ಮಾವನಿಗೂ ಒಂದು ಮಾತು ಹೇಳಬೇಕಿತ್ತು. ಅದೇನೆಂಬುದು ಎಂಟು ತಿಂಗಳ ಮೇಲೆ ಅವರ ಸೊಸೆಯಿಂದ ತಿಳಿಯಿತು. ಎಡಗಣ್ಣು ಮಂಜಾಗುತ್ತಿದೆ, ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೀಯಾ ಎಂದು ಕೇಳಲು ಬಂದಿದ್ದರಂತೆ. ಕಣ್ಣಿನೊಳಗಿನ ಒತ್ತಡ ಏರಿ ನರ ಕುಂದುವ ಗ್ಲಾಕೋಮಾ ಎಂಬ ರೋಗ. ಬೇಗ ಹೋದರೆ ಉಳಿದ ದೃಷ್ಟಿಯನ್ನು ಕಾಪಾಡಬಹುದು, ಹೋದದ್ದು ಮರಳುವುದಿಲ್ಲ. ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಎಡಗಣ್ಣು ಹೋಗಿತ್ತು. ಬಲಗಣ್ಣಿನಲ್ಲಿ ಅರ್ಧ ಉಳಿಯಿತು. ‘ನೀವು ಆವತ್ತೇ ಯಾಕೆ ಹೇಳಲಿಲ್ಲ ಮಾವ?’ ಎಂದು ಕೇಳಿದೆ. ಕೇಳಬಾರದ ಪ್ರಶ್ನೆ ಅದು. ‘ಹೇಳೂದೇನು ಅಂಥಾ ದೊಡ್ಡ ಮಾತಲ್ಲ ಬಿಡು, ತಮ್ಮಾ’ ಎಂದು ಅವರು ನಕ್ಕರು.

ಕಳೆದ ಶ್ರಾವಣದಲ್ಲಿ ಮತ್ತೆ ಬಂದಿದ್ದರು. ಈ ಸಲ ಅವರು ಒಳಗೆ ಕಾಲಿಡುತ್ತಿದ್ದಂತೆಯೇ ಎದ್ದು ಟಿ.ವಿ. ಆರಿಸಿ, ಅವರ ಮಗ್ಗುಲಲ್ಲಿ ಕುಳಿತೆ. ಅವರು ಮುಖವನ್ನು ಸದ್ದು ನಿಂತ ಕಡೆಗೆ ತಿರುಗಿಸಿ, ‘ಯಾಕೋ ಆರಿಸಿದಿ? ಹಚ್ಚು ಹಚ್ಚು. ನನಗ ಕಾಣೂದಿಲ್ಲ ಅಂದ್ರ ಕೇಳೂದೂ ಇಲ್ಲೇನು?’ ಎಂದರು.